ಸೈಜಿನ ಪಕ್ಕದ ನಂಬರು

ಮಗಳ ಪಿಕಪ್‌ನ ಹಿಂದಿನ ಟೈರನ್ನು ಸವರುತ್ತಿದ್ದ ಟೈರ್ ಅಂಗಡಿ ಯಜಮಾನನ ಅಂಗೈ ತಟ್ಟನೆ ನಿಂತಿತು. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಉಬ್ಬು. ಮೂರು ತಿಂಗಳ ಹಿಂದೆ ಅವನೇ ಆರಿಸಿ, ಅವನೇ ಕೂರಿಸಿಕೊಟ್ಟಿದ್ದ ಟೈರು. "ಯಾವ ಗುಂಡಿಗೆ ಇಳಿಸಿದೆಯೇ?" ಎಂದು ರೇಗಿದ.

"ಎಲ್ಲೂ ಇಳಿಸಿಲ್ಲಪ್ಪ. ದಿನಾ ಒಂದೂವರೆ ಟನ್ ಟೈಲ್ಸ್ ಹೊರುತ್ತೆ, ಅಷ್ಟೇ." ಮಗಳು ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಧೂಳು ಒರೆಸಿದಳು. ಸೈಜಿನ ಪಕ್ಕದಲ್ಲಿ ತೊಂಬತ್ತೈದು ಅಂತಿತ್ತು. ಗಾಡಿಯ ಬಾಗಿಲು ತೆಗೆದು ಒಳಗೆ ಅಂಟಿಸಿದ್ದ ಚೀಟಿ ತೋರಿಸಿದಳು: ನೂರ ಒಂಬತ್ತು. "ಇದು ಟೈರು ಎಷ್ಟು ಭಾರ ತಡೆಯುತ್ತೆ ಅನ್ನೋದರ ಕೋಡ್ ನಂಬರು. ಸರ್ವೀಸಿನವರು ಇವತ್ತು ಹೇಳಿದ್ರು. ಒಂದೊಂದು ಟೈರೂ ಸಾವಿರ ಕೆಜಿ ತಡೀಬೇಕಂತೆ. ನೀನು ಹಾಕಿರೋದು ಏಳುನೂರೂ ತಡಿಯಲ್ಲ."

ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆಲ್ಲ ಅವನದು ಒಂದೇ ಮಾತು: "ಸೈಜ್ ಕೂತರೆ ಸಾಕು, ಮಿಕ್ಕಿದ್ದೆಲ್ಲ ಕಂಪನಿಯವರ ಅಲಂಕಾರ." ಮಗಳು ಕೇಳಿದಳು: "ಅಪ್ಪಾ, ಇಂಥದ್ದು ಇನ್ನೆಷ್ಟು ಜನಕ್ಕೆ ಹಾಕಿದ್ದೀಯ?"

ಅವನು ಬಾಯಿ ತೆರೆಯುವಷ್ಟರಲ್ಲಿ, ಸಿಮೆಂಟ್ ಮೂಟೆ ಹೇರಿದ ಪಿಕಪ್ಪೊಂದು ಅಂಗಡಿಯ ಮುಂದೆ ಹಾದುಹೋಯಿತು. ಡ್ರೈವರ್ ಕಿಟಕಿಯಿಂದ ಕೈ ಬೀಸಿ ಕೂಗಿದ: "ಅಣ್ಣಾ, ನಿಮ್ಮ ಟೈರು ಬೆಣ್ಣೆ ಥರ ಓಡ್ತಿದೆ!"