ಯಾರೂ ಕೂಗದ ಕನೆಕ್ಷನ್

ಸೊಸೆ ಮೊದಲು ಟೀವಿಯ ಕತ್ತು ಹಿಸುಕಿದಳು. ಯಾರೂ ಕೂಗಲಿಲ್ಲ; ಹಾಲ್‌ನಲ್ಲಿ ಯಾರೂ ಇರಲೇ ಇಲ್ಲ. ಆಮೇಲೆ ತನ್ನ ಫೋನಿನ ಪಟ್ಟಿಯಲ್ಲಿ ಮಗಳ ಫೋನಿನ ಹೆಸರಿನ ಮೇಲೆ ಬೆರಳಿಟ್ಟು ‘ಬ್ಲಾಕ್’ ಎಂದು ಒತ್ತಿದಳು. ಅರೆಕ್ಷಣವೂ ಆಗಿರಲಿಲ್ಲ, ಮಹಡಿಯಿಂದ ಕೂಗು ಬಿತ್ತು. “ಅಮ್ಮಾ! ನೆಟ್ ಸತ್ತೋಯ್ತು!”

“ಸಾಯಲಿ ಬಿಡು, ನನ್ನ ಕ್ಲಾಸ್ ಮುಗಿದ ಮೇಲೆ ಬದುಕುತ್ತೆ!” ಎಂದು ಕೆಳಗಿನಿಂದಲೇ ಉತ್ತರ ಕೊಟ್ಟಳು.

ಈ ವಿದ್ಯೆಯನ್ನು ಗಂಡ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೇಳಿಕೊಟ್ಟಿದ್ದ. ವೈಫೈಗೆ ಏನೇನು ಅಂಟಿಕೊಂಡಿದೆ ಎಂದು ಫೋನಿನಲ್ಲೇ ಕಾಣುತ್ತದೆ, ಬೇಡದ್ದನ್ನು ತಡೆದರಾಯಿತು. ಅವಳಿಗೆ ಅದರ ಅಗತ್ಯ ಹೇಳತೀರದಷ್ಟಿತ್ತು. ಮನೆಯಲ್ಲೇ ಕೂತು ಹೊಲಿಗೆ ಕಲಿಸುವ ಅವಳ ಮೊದಲ ಆನ್‌ಲೈನ್ ಕ್ಲಾಸ್ ಕಳೆದ ವಾರ ಮಣ್ಣುಪಾಲಾಗಿತ್ತು. ಕಾಲರ್ ಕತ್ತರಿಸಲೆಂದು ಕತ್ತರಿ ಎತ್ತಿದವಳು ಪರದೆಯ ಮೇಲೆ ಹಾಗೇ ಕಲ್ಲಾಗಿ ನಿಂತಿದ್ದಳಂತೆ, ಬಾಯಿ ಬೇರೆ ತೆರೆದಿತ್ತಂತೆ. ಕಲಿಯಲು ಬಂದ ಹೆಂಗಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದ್ದರು. ಇವತ್ತಿನಿಂದ ದಿನಾ ಕಲಿಸುತ್ತೇನೆಂದು ಹೇಗೋ ಒಪ್ಪಿಸಿ ಮತ್ತೆ ಕರೆದಿದ್ದಳು; ಇವತ್ತೂ ಹಾಗಾದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ತನ್ನದು ಬಿಟ್ಟರೆ ಪಟ್ಟಿಯಲ್ಲಿ ಉಳಿದದ್ದು ಒಂದೇ. ಅದಕ್ಕೆ ಹೆಸರಿಲ್ಲ, ಬರೀ ಅಕ್ಷರ, ಅಂಕಿಗಳ ಕಲಸುಮೇಲೋಗರ. ನೆಟ್ ಎಲ್ಲ ಗಟಗಟ ಕುಡಿಯುತ್ತಿದ್ದದ್ದೂ ಅದೇ. ಅತ್ತೆ ಮಾವನದಂತೂ ಇರಲಾರದು. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಮೇಲಾಗಿ, ಊಟವಾದ ಮೇಲೆ ಇಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ಮಲಗುವ ಹೊತ್ತು ಇದು. “ಪಕ್ಕದ ಮನೆಯವರದೇ ಕೈವಾಡ. ತಗೋ!” ಎಂದು ಹಲ್ಲು ಕಚ್ಚಿ ಒತ್ತಿದಳು. ಕಿವಿಗೊಟ್ಟು ನಿಂತಳು. ಎಲ್ಲಿಂದಲೂ ಚಕಾರವಿಲ್ಲ. ಕಳ್ಳರು ಕೂಗುತ್ತಾರೆಯೇ?

ಕ್ಲಾಸ್ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಕೊನೆಯಲ್ಲಿ ಒಬ್ಬಾಕೆ ತಾನು ಕತ್ತರಿಸಿದ ಕಾಲರ್ ಅನ್ನು ಕುತ್ತಿಗೆಗೆ ಇಟ್ಟುಕೊಂಡು ತೋರಿಸಿದಳು. ಸೊಸೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಗೆ ಹೇಳದೆ ಇದ್ದರೆ ಹೊಟ್ಟೆ ಒಡೆಯುತ್ತದೆ ಎನ್ನಿಸಿ, ಎದ್ದಿರುತ್ತಾರೆಂದು ಕೋಣೆಯ ಬಾಗಿಲು ಮೆಲ್ಲಗೆ ತಳ್ಳಿದಳು.

ಮಂಚ ಖಾಲಿ. ಕಿಟಕಿಗೆ ಎದುರಾಗಿ ಎರಡು ಕುರ್ಚಿ. ಕಿಟಕಿಯ ಕಟ್ಟೆಯ ಮೇಲೆ ಒಂದು ಹಳೇ ಟ್ಯಾಬ್ ಒರಗಿಸಿಟ್ಟಿತ್ತು. ಅದರಲ್ಲಿ ಬೆಟ್ಟದ ರಸ್ತೆಯ ತಿರುವೊಂದು ಅಲುಗಾಡದೆ ನಿಂತಿತ್ತು, ನಡುವೆ ಚಕ್ರವೊಂದು ಸುತ್ತುತ್ತಿತ್ತು. ಮುಂದಿನ ಕುರ್ಚಿಯಲ್ಲಿ ಮಾವ, ಬಸ್ ಓಡಿಸಿ ನಿವೃತ್ತರಾದವರು, ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ ಕೂತಿದ್ದರು. ಹಿಂದಿನ ಕುರ್ಚಿಯಲ್ಲಿ ಅತ್ತೆ. ಹೆಗಲಿಗೆ ಶಾಲು, ಕಾಲಿಗೆ ಚಪ್ಪಲಿ, ತೊಡೆಯ ಮೇಲೆ ಕೈಚೀಲ.

“ಇದೇನು ಮಾವಾ?”

“ಮುಂದೆ ರಸ್ತೆ ಬಂದ್ ಆಗಿದೆ ಕಣಮ್ಮಾ,” ಎಂದರು ಮಾವ, ತಲೆ ತಿರುಗಿಸದೆ.

ಅತ್ತೆ ಸಿಕ್ಕಿಬಿದ್ದ ಹುಡುಗಿಯಂತೆ ನಕ್ಕರು. “ಟ್ಯಾಬ್ ನಿನ್ನ ಮಗಳದ್ದೇ, ಹಳೇದು. ಅವಳೇ ಹಚ್ಚಿಕೊಟ್ಟಳು. ಯಾರೋ ಪುಣ್ಯಾತ್ಮರು ಬಸ್ಸಿನ ಮುಂದೆ ಕ್ಯಾಮೆರಾ ಇಟ್ಟು ದಾರಿ ಉದ್ದಕ್ಕೂ ವಿಡಿಯೋ ಹಿಡಿದು ನೆಟ್‌ಗೆ ಹಾಕ್ತಾರಂತೆ. ಇವರು ಆಯಸ್ಸೆಲ್ಲ ಊರೂರು ತಿರುಗಿದ್ರು, ನಾನು ಮನೆ ಬಾಗಿಲು ಕಾದೆ. ಒಂದು ದಿನವಾದ್ರೂ ಹತ್ತಿಸಿಕೊಂಡು ಹೋಗಲಿಲ್ಲವಲ್ಲ ಅಂತ ಯಾವಾಗ್ಲೋ ಅಂದಿದ್ದೆ. ಈಗ ದಿನಾ ಒಂದೊಂದು ದಾರಿ.”

ಸೊಸೆಯ ಮುಖ ಚಿಕ್ಕದಾಯಿತು. “ನಿಲ್ಲಿಸಿದ್ದು ನಾನೇ ಮಾವಾ. ಯಾರೋ ಕಳ್ಳರು ನಮ್ಮ ನೆಟ್ ಕದೀತಿದಾರೆ ಅಂದ್ಕೊಂಡೆ.”

“ನೀನಾ?” ಮಾವ ಈಗ ತಿರುಗಿದರು. “ಒಂದು ಮಾತು ಹೇಳಬಾರದಾ ತಾಯಿ? ಆಗಿನಿಂದ ಬ್ರೇಕ್ ಒತ್ತಿ ಕೂತು ಕಾಲು ಜೋಮು ಹಿಡಿದುಹೋಯ್ತು!” ಕಾಲು ಕೊಡವುತ್ತಲೇ ಕೇಳಿದರು, “ಅದಿರಲಿ, ಕ್ಲಾಸ್ ಏನಾಯ್ತು?”

“ಒಬ್ಬರೂ ಎದ್ದು ಹೋಗಲಿಲ್ಲ ಮಾವಾ.”

“ಭೇಷ್! ನಾಳೆಯಿಂದ ನಿನ್ನ ಕ್ಲಾಸ್ ಮುಗಿದ ಮೇಲೇ ನಮ್ಮ ಗಾಡಿ ಹೊರಡುತ್ತೆ. ಹೊತ್ತು ಬದಲಾಯಿಸೋದೇನು ದೊಡ್ಡದಲ್ಲ.”

ಸೊಸೆ ಫೋನು ತೆಗೆದು ತಡೆ ಬಿಡಿಸಿದಳು. ಚಕ್ರ ಮಾಯವಾಯಿತು, ತಿರುವು ನಿಧಾನವಾಗಿ ಹತ್ತಿರ ಬಂತು. ಮಾವನ ಬೆನ್ನು ನೆಟ್ಟಗಾಯಿತು, ಕಣ್ಣು ರಸ್ತೆಗೆ ನೆಟ್ಟಿತು. ಇನ್ನು ಅವರು ಈ ಲೋಕದವರಲ್ಲ ಎಂದು ಗೊತ್ತಾಗಿ ಅವಳು ಸದ್ದಿಲ್ಲದೆ ಹೊರಗೆ ಕಾಲಿಟ್ಟಳು.

ಹಿಂದೆಯೇ ಚಪ್ಪಲಿಯ ಸಪ್ಪಳ. ಓಡುವ ಗಾಡಿಯಿಂದ ಅತ್ತೆ ಇಳಿದು ಬಂದಿದ್ದರು. ಬಾಗಿಲನ್ನು ಅರ್ಧ ಎಳೆದುಕೊಂಡು, ಸೊಸೆಯ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದರು.

“ಅವರ ಮಾತು ಕೇಳಬೇಡ ಕಣೇ. ನಾವು ಇದೇ ಹೊತ್ತಿಗೆ ಹೊರಡ್ತೀವಿ. ಗಾಡಿ ಓಡ್ತಿದ್ರೆ ಈ ಮನುಷ್ಯ ತುಟಿ ಪಿಟಕ್ ಅನ್ನಲ್ಲ. ಇವತ್ತು ನಿಂತಿತ್ತಲ್ಲ, ಮದುವೆಯಾದಾಗಿಂದ ಬಾಯಿ ಬಿಡದೆ ಇದ್ದದ್ದನ್ನೆಲ್ಲ ಹೇಳಿದ್ರು.” ಅತ್ತೆ ಒಮ್ಮೆ ಕೋಣೆಯೊಳಗೆ ಇಣುಕಿ ನೋಡಿ ದನಿ ಇನ್ನೂ ತಗ್ಗಿಸಿದರು. “ನಾಳೆನೂ ನಿಲ್ಲಿಸು. ಆದ್ರೆ ಸ್ವಲ್ಪ ಒಳ್ಳೇ ಜಾಗ ನೋಡಿ ನಿಲ್ಲಿಸು.”