ಆನ್ಸರ್ ಅಂದರೆ ಆಣೆ

ಕಸ್ತೂರೆವ್ವ ದೇವರ ಜಗುಲಿಯ ಮೇಲಿದ್ದ ಭಂಡಾರದ ಅರಿಷಿಣದ ಬಟ್ಟಲನ್ನು ತಂದು ಗಂಡನ ಮುಂದೆ ಕುಕ್ಕಿದಳು. "ಮುಟ್ರಿ. ದಿನಾ ಬಸ್ ಹತ್ತಿ ಸಂಶಿಗೆ ಹೋಗ್ತೀರಲ್ಲ, ಅಲ್ಲಿ ಸಕ್ಕರಿ ಚಾ ಕುಡಿಯೂದಿಲ್ಲ ಅಂತ ಇದನ್ನ ಮುಟ್ಟಿ ಹೇಳ್ರಿ."

ಇದಕ್ಕೆಲ್ಲ ಕಾರಣ ಇಂಗ್ಲಿಷು. ಸೊಸೆ ಶಿವಾನಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಸಂಜೆ ಪಡಸಾಲೆಯಲ್ಲಿ ಕೂತು ಮಾವ ಮೈಲಾರಿಯ ಕಾಲಿನ ಹೆಬ್ಬೆರಳಿಗೆ ಪಟ್ಟಿ ಕಟ್ಟುತ್ತಿದ್ದಳು. ಗಾಯ ತೊಳೆಯುವಾಗಿನ ಉರಿ ಮರೆಯಲೆಂದು ಮಾವ ದಿನಾ ಏನಾದರೊಂದು ಕೇಳುತ್ತಾನೆ. ಇವತ್ತೂ ಕೇಳಿದ, "ನಾಳಿಗೆ ಏನ ಪಾಠ ಯವ್ವಾ?"

"ಆನ್ಸರ್ ಅನ್ನೂ ಶಬ್ದರಿ ಮಾವಾರ. ಉತ್ತರ ಕೊಡೂದು. ಫೋನ್ ಎತ್ತೂದೂ ಆನ್ಸರ್, ಬಾಗಲಾ ಬಡದ್ರ ತಗಿಯೂದೂ ಆನ್ಸರ್. ಮಾಡಿದ್ದಕ್ಕ ಹೊಣಿ ಆಗೂದಕ್ಕೂ ಅದನ್ನ ಅಂತಾರ. ಆದ್ರ ಹುಟ್ಟಿದಾಗ ಅದರ ಅರ್ಥ ಬ್ಯಾರೇನ ಇತ್ತು. ಭಾಳ ಹಿಂದಕ ಆ ಮಂದ್ಯಾಗ ಯಾರ ಮ್ಯಾಲರ ಆರೋಪ ಬಂದ್ರ, ಅಂವ ಎಲ್ಲಾರ ಮುಂದ ನಿಂತು ಅದರ ಎದುರಿಗೆ ಆಣಿ ಮಾಡಬೇಕಿತ್ತು. ಎದುರು ಆಣಿ, ಅದ ಆನ್ಸರ್."

"ಅಂದ್ರ ನಮ್ಮಂಗ ಭಂಡಾರ ಮುಟ್ಟೂದು ಅನ್ನು" ಎಂದು ಮೈಲಾರಿ ಖುಷಿಪಟ್ಟ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕಿಕೊಂಡ, ಅದೂ ಗಾಯದ ಕಾಲ ಮೇಲೆ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಕಸ್ತೂರೆವ್ವನ ಕೈ ನಿಂತಿತು. ಎರಡು ತಿಂಗಳಾಯಿತು, ಈ ಮನುಷ್ಯ ಒಂದು ನೆಟ್ಟನೆಯ ಮಾತು ಆಡಿಲ್ಲ. ಮನೆಯಲ್ಲಿ ಸಕ್ಕರೆ ಡಬ್ಬಿಯನ್ನೇ ಎತ್ತಿಬಿಟ್ಟಿದ್ದಾಳೆ. ಮಗ, ಸೊಸೆ, ಬಂದ ಬೀಗರು, ಎಲ್ಲರಿಗೂ ಸಪ್ಪನೆ ಚಹಾ. ಆದರೂ ಇವನ ಶುಗರ್ ಇಳಿಯಲೊಲ್ಲದು. ಹಿಂಗೇ ಆದರೆ ಬೆರಳು ತೆಗೆಯಬೇಕು, ಬೆರಳಿಗೇ ನಿಂತೀತು ಅಂತ ಹೇಳಲಾರೆ ಎಂದು ಡಾಕ್ಟರು ಮೊನ್ನೆ ಹೇಳಿದ್ದಾರೆ. ಇವನನ್ನು ಕೇಳಿದರೆ, "ಕಬ್ಬಿನ ಗಾಡಿ ಬಾಜೂಕ ಹಾದು ಹೋತು, ಅದಕ್ಕ ಏರೇತಿ" ಅನ್ನುತ್ತಾನೆ. ಇಂಥವನ ಕೂಡ ಬಾಳುವೆ ಮಾಡುವುದೆಂದರೆ ಹುಡುಗಾಟವೇ? ಅದಕ್ಕೇ ಬಟ್ಟಲು ಹೊರಗೆ ಬಂದಿತ್ತು.

"ಅತ್ತಿ, ನಾ ಪಾಠದ ಮಾತು ಹೇಳಿದೆರಿ" ಎಂದು ಶಿವಾನಿ ಗಾಬರಿಯಾದಳು.

"ನೀ ಸುಮ್ನಿರು. ನಾನೂ ಪಾಠನ ಕೇಳಾಕತ್ತೀನಿ."

ಮೈಲಾರಿ ನಕ್ಕು ಜಾರಿಕೊಳ್ಳಲು ನೋಡಿದ. "ಒಂದು ಕಪ್ ಚಾದ ಸಲುವಾಗಿ ದೇವರನ್ನ ಎಳೀತಾರೇನ?"

"ಚಾದ ಸಲುವಾಗಿ ಅಲ್ಲ. ನನ್ನ ಸಲುವಾಗಿ ಎಳದೇನಿ."

ಅವನ ನಗು ಇಳಿಯಿತು. ನಲವತ್ತು ವರ್ಷ ದೇವರ ಗುಡ್ಡಕ್ಕೆ ನಡೆದು ಆ ಭಂಡಾರ ತಂದವನು ಅವನೇ. ಎಮ್ಮೆ ಕದ್ದವರು, ಬದು ಒತ್ತಿದವರು ಅದರ ಮುಂದೆ ತಡವರಿಸಿದ್ದನ್ನು ಕಣ್ಣಾರೆ ಕಂಡವನು. ಚೇಷ್ಟೆ ಎಷ್ಟು ಬೇಕಾದರೂ ಮಾಡಿಯಾನು, ಸುಳ್ಳು ಆಣೆ ಮಾಡುವವನಲ್ಲ. ಅರಿಷಿಣದ ಪುಡಿಯಲ್ಲಿ ಬೆರಳಿಟ್ಟ.

"ಕುಡೀತೀನಿ. ದಿನಾ ಕುಡೀತೀನಿ."

ಕಸ್ತೂರೆವ್ವನಿಗೆ ಗೊತ್ತಿದ್ದದ್ದೇ. ಆದರೂ ಅವನ ಬಾಯಿಂದ ಕೇಳಿದಾಗ ಅಳು ತಡೆಯಲಿಲ್ಲ. "ನಾ ಏನ ನಿಮ್ಮ ವೈರಿ ಆಗೇನೇನ್ರಿ? ಕಾಲು ಹೋದ್ರ ನಿಮಗಷ್ಟ ಹೋದಂಗಾತೇನು? ಯಾವ ಅಂಗಡ್ಯಾಗ ಕುಡೀತೀರಿ, ಹೇಳ್ರಿ. ಅವಗ ಹೋಗಿ ಝಾಡಿಸಿ ಬರ್ತೀನಿ."

"ಇಮಾಮಹುಸೇನನ ಅಂಗಡ್ಯಾಗ."

"ಇಮಾಮಣ್ಣಾರು? ಐವತ್ತು ವರ್ಷದ ಗೆಳ್ಯಾರು, ನಿಮ್ಮ ಶುಗರ್ ಸುದ್ದಿ ಅವರಿಗೆ ಗೊತ್ತಿಲ್ಲೇನು?"

"ಅವಗ ಈಗ ಏನೂ ಗೊತ್ತಾಗೂದಿಲ್ಲ." ಮೈಲಾರಿ ಪಟ್ಟಿ ಕಟ್ಟಿದ ಕಾಲನ್ನೇ ನೋಡುತ್ತಿದ್ದ. "ನೀ ಸಂಕಟಾ ಪಡ್ತೀ ಅಂತ ಹೇಳಿದ್ದಿಲ್ಲ. ಮರವು ಬಂದೈತಿ. ಅಂಗಡಿ ಮಗ ಹಾರೂನ ನೋಡ್ತಾನ, ಇಂವ ಮೂಲ್ಯಾಗ ಕುಂತಿರ್ತಾನ. ಜೀವಮಾನ ಎಲ್ಲಾ 'ಲೇ ಮೈಲ್ಯಾ' ಅಂದಾಂವ ಈಗ ನನ್ನ ಕಂಡ್ರ 'ಬರ್ರಿ ಯಜಮಾನ್ರ, ಯಾವೂರ ಆತ್ರಿ' ಅಂತಾನ."

ಶಿವಾನಿ ಉಳಿದ ಪಟ್ಟಿಯನ್ನು ಸುತ್ತಿಟ್ಟಳು.

"ಆದ್ರ ನಾ ಕುಂತ ಕೂಡ್ಲೆ ತಾನ ಎದ್ದು ಹೋಗಿ ಚಾ ಮಾಡ್ತಾನ. ಮಗಗ ಮುಟ್ಟಗೊಡೂದಿಲ್ಲ. 'ನಿಮಗ ಮೂರು ಚಮಚಾ ಅಲ್ರಿ?' ಅಂತ ಕೇಳ್ತಾನ. ನನ್ನ ಹೆಸರು ಹೋಗೇತಿ, ಊರು ಹೋಗೇತಿ, ಆ ಮೂರು ಚಮಚಾ ಅಷ್ಟ ಉಳದೈತಿ. ನಾ ಹೌದ್ರಿ ಅಂತೀನಿ. ಅಲ್ಲ ಅಂದ್ರ ಅದೂ ಹೋಗಿಬಿಡ್ತೈತಿ."

ಕಸ್ತೂರೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಟ್ಟಲನ್ನು ಎತ್ತಿ ಜಗುಲಿಯ ಮೇಲಿಟ್ಟು ಬಂದು ಬಾಗಿಲ ಹತ್ತಿರ ನಿಂತಳು.

"ನಾಳೆ ಎಷ್ಟು ಗಂಟೆ ಬಸ್ಸಿಗೆ ಹೋಗ್ತೀರಿ?"

"ಹತ್ತರದ್ದಕ್ಕ. ಯಾಕ?"

"ನಾನೂ ಬರ್ತೀನಿ."

"ಅವಗ ಬೈಬ್ಯಾಡ" ಎಂದ ಮೈಲಾರಿ, ಬೇಡಿಕೊಳ್ಳುವಂತೆ. "ಅಂವ ಕೇಳಿದಾಗ ನಾ ಏನ ಅನ್ಲಿ?"

"ದಿನಾ ಅಂದಂಗ ಹೌದ್ರಿ ಅನ್ರಿ. ಅವರು ಮೂರು ಚಮಚಾ ಹಾಕ್ಲಿ. ಕುಡಿಯಾಕಿ ನಾ."