ಮರದ ಪಾದಗಳು

ಒಪ್ಪಂದದ ಕೊನೆಯ ಹಾಳೆಯನ್ನು ವಕೀಲರು ಓದಿದಾಗ ಷೂ ಕಾರ್ಖಾನೆಯ ಮಾಲೀಕನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಹೆಂಡತಿ ವಿಚ್ಛೇದನಕ್ಕೆ ಕಾರ್ಖಾನೆಯ ಪಾಲು ಕೇಳಿರಲಿಲ್ಲ. ಆಫೀಸಿನ ಮೇಜಿನ ಮೇಲೆ ಕಾಗದ ಹಾರದಿರಲೆಂದು ಅವನು ಇಡುತ್ತಿದ್ದ ಒಂದು ಜೊತೆ ಮರದ ಪಾದಗಳನ್ನು ಕೇಳಿದ್ದಳು, ಅಷ್ಟೇ. ಕಾರ್ಖಾನೆ ಎಲ್ಲಿ ಎರಡು ಹೋಳಾಗುತ್ತದೋ ಎಂದು ಆರು ತಿಂಗಳು ನಿದ್ದೆಗೆಟ್ಟಿದ್ದ ಮಹಾಶಯ, ಅವಳ ಮನಸ್ಸು ಬದಲಾಗುವ ಮೊದಲೇ ಸಹಿ ಗೀಚಿದ. ಅವಳು ಅವನ ಮುಖವನ್ನೇ ನೋಡುತ್ತ ಕುಳಿತಿದ್ದಳು.

ಎಂಟನೇ ದಿನ ಕಾರ್ಖಾನೆಯ ಹಳೆಯ ಮೇಸ್ತ್ರಿ ಆಫೀಸಿಗೆ ಬಂದ. ಆಸ್ಪತ್ರೆಯೊಂದರ ನರ್ಸ್‌ಗಳಿಗೆ ತಿಂಗಳೊಳಗೆ ಮೂರು ಸಾವಿರ ಜೊತೆ ಷೂ ಕೊಡಬೇಕಿತ್ತು. ಷೂವಿನ ಒಳಗಿಟ್ಟು ಚರ್ಮ ಎಳೆಯುವ ಅಚ್ಚುಗಳೆಲ್ಲ ಸವೆದಿವೆ, ಹೊಸದು ಕೆತ್ತಿಸಲು ಮೂಲ ಅಚ್ಚು ಬೇಕು ಎಂದವನು ಮೇಜಿನ ಮೇಲೆ ಹಾರಾಡುತ್ತಿದ್ದ ಕಾಗದಗಳನ್ನು ನೋಡಿ, ಅವುಗಳ ಮೇಲಿರುತ್ತಿದ್ದ ಜೊತೆ ಎಲ್ಲಿ ಎಂದು ಕೇಳಿದ.

"ಆ ಮರದ ಪಾದಗಳಾ? ಅವಳಿಗೆ ಕೊಟ್ಬಿಟ್ಟೆ," ಎಂದ ಮಾಲೀಕ.

ಮಾಲೀಕನೆದುರು ಎಂದೂ ಕೂರದ ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕುಸಿದ. ಆಮೇಲೆ ಒಂದೊಂದಾಗಿ ಹೇಳಿದ. ಕಾರ್ಖಾನೆ ಶುರುವಾದಾಗ ಆ ಅಚ್ಚು ಕೆತ್ತಿದ್ದು ಅಮ್ಮಾವ್ರ ಪಾದ ನೋಡಿ. ಅವರು ದಿನವಿಡೀ ನಿಂತು, ನಡೆದು, ಬೊಬ್ಬೆ ಎದ್ದಲ್ಲೆಲ್ಲ ಗುರುತು ಹಾಕಿ, ಹಿಮ್ಮಡಿಯೊಂದನ್ನೇ ಹದಿನಾಲ್ಕು ಸಲ ಉಜ್ಜಿಸಿದ್ದರು. ದೊಡ್ಡದು, ಚಿಕ್ಕದು, ಎಲ್ಲ ಅಳತೆಯೂ ಹುಟ್ಟಿದ್ದು ಅದರಿಂದಲೇ. ಸವೆದ ಅಚ್ಚನ್ನು ನೋಡಿ ಕೆತ್ತಿದರೆ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಷೂ ಕಚ್ಚುತ್ತದೆ.

"ಬೋರ್ಡಲ್ಲಿ ನಿಮ್ಮ ಹೆಸರಿದೆ ಸಾರ್. ಆದ್ರೆ ಜನ ಬರೋದು ನಮ್ಮ ಷೂ ಕಚ್ಚಲ್ಲ ಅಂತ. ಆವತ್ತು ಅಮ್ಮಾವ್ರು ನಿಂತಾಗ ಕೈ ಹಿಡ್ಕೊಂಡಿದ್ದೋರು ನೀವೇ. ಮರೆತ್ರಾ?"

ಮಾಲೀಕ ನಿಜಕ್ಕೂ ಮರೆತಿದ್ದ. ಕೂಡಲೇ ಅವಳಿಗೆ ಫೋನ್ ಮಾಡಿದ. ಪಾಲು ಹೋಗುತ್ತದೆಂದು ಹೆದರಿ ಸತ್ತಿದ್ದವನೇ ಈಗ ಅರ್ಧ ಕಾರ್ಖಾನೆ ಬರೆದುಕೊಡುತ್ತೇನೆ, ಆ ಪಾದಗಳನ್ನು ವಾಪಸ್ ಕೊಡು ಎಂದು ಅಂಗಲಾಚಿದ.

"ಅದೊಂದನ್ನ ಮಾತ್ರ ಕೇಳ್ಬೇಡ ಅಂತೀರೇನೋ ಅಂತ ಕಾದೆ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಂದಿದ್ರೆ ಅಲ್ಲೇ ಬಿಟ್ಟು ಬರ್ತಿದ್ದೆ. ನೀವು ಎರಡನೇ ಸಲ ಓದಿಸ್ಲೂ ಇಲ್ಲ. ಅವು ನನ್ನ ಕಾಲು, ನನ್ನ ಹತ್ರಾನೇ ಇರ್ಲಿ."

ಫೋನ್ ಕೆಳಗಿಟ್ಟ ಮಾಲೀಕ, ಹಾಗಾದರೆ ಹೊಸದಾಗಿಯೇ ಅಚ್ಚು ತೆಗೆ ಎಂದು ಮೇಸ್ತ್ರಿಯ ಮೇಲೆ ರೇಗಿದ. ಮೇಸ್ತ್ರಿ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಅಗಲವಾದ ತಟ್ಟೆಯ ತುಂಬ ಪ್ಲಾಸ್ಟರ್ ಕಲಸಿ ತಂದು ನೆಲದ ಮೇಲಿಟ್ಟು, ಕೈ ಒರೆಸಿಕೊಳ್ಳುತ್ತ ತಲೆಯೆತ್ತಿದ.

"ಯಾರನ್ನ ನಿಲ್ಲಿಸ್ಲಿ ಸಾರ್?"

ಮಾಲೀಕ ತಟ್ಟೆಯನ್ನೇ ನೋಡುತ್ತ ನಿಂತ. ಒಂದು ಗುರುತೂ ಬೀಳದೆ ಪ್ಲಾಸ್ಟರ್ ಗಟ್ಟಿಯಾಯಿತು.